ಕಾಯದೆ ಬಿಟ್ಟ ಏಳು ನಿಮಿಷ

ಮಾನ್ಯ ಅಧ್ಯಕ್ಷರೇ, ನನ್ನ ಬಗ್ಗೆ ಇಷ್ಟು ಹೊತ್ತು ಒಳ್ಳೆಯ ಮಾತನ್ನೇ ಆಡಿ ದಣಿದಿರುವ ಮುಖ್ಯ ಅತಿಥಿಗಳೇ, ಊರು ಕಾಲು ಕಾರ್ಖಾನೆ ಎನ್ನುವ ನಮ್ಮ ಕೃತಕ ಕಾಲಿನ ಅಂಗಡಿಯ ನನ್ನ ತಮ್ಮಂದಿರೇ, ತಂಗಿಯರೇ, ನಾವು ಮಾಡಿಕೊಟ್ಟ ಕಾಲಿನ ಮೇಲೆ ನಡೆದುಕೊಂಡು ಈ ಸಭಾಂಗಣಕ್ಕೆ ಬಂದಿರುವ ಹಿರಿಯರೇ, ಸಭಿಕರೇ,

ಕೂತುಕೊಂಡೇ ಮಾತಾಡುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಆರು ವಾರದಿಂದ ಆಸ್ಪತ್ರೆಯ ಹಾಸಿಗೆಯಲ್ಲಿ ಇದ್ದವನು ನಾನು. ಹೃದಯ ದೊಡ್ಡದಾಗಿದೆಯಂತೆ. ‘ಅದು ಮೊದಲಿನಿಂದಲೂ ದೊಡ್ಡದೇ ಅಲ್ವಾ ಸಾರ್’ ಎಂದು ನಮ್ಮ ಅಂಗಡಿಯ ಹುಡುಗರು ಬಂದು ನಗಿಸಿ ಹೋದರು. ಡಾಕ್ಟರಿಗೆ ನಗು ಬರಲಿಲ್ಲ. ‘ವಿಶ್ರಾಂತಿ ಅಂದರೆ ವಿಶ್ರಾಂತಿ, ಭಾಷಣ ಅಲ್ಲ’ ಎಂದರು. ಕಡೆಗೆ ನನ್ನ ಸೊಸೆ ‘ನಾನು ಪಕ್ಕದಲ್ಲೇ ಇರ್ತೀನಿ’ ಎಂದು ಮಾತು ಕೊಟ್ಟ ಮೇಲೆ ಎರಡು ಗಂಟೆ ಬಿಟ್ಟುಕೊಟ್ಟಿದ್ದಾರೆ. ಅಗೋ, ಮಾತ್ರೆಯ ಡಬ್ಬಿ ಮಡಿಲಲ್ಲಿ ಇಟ್ಟುಕೊಂಡು ನನ್ನ ಬಾಯನ್ನೇ ನೋಡುತ್ತಾ ಕೂತಿದ್ದಾಳೆ.

ಸನ್ಮಾನಕ್ಕಾಗಿ ನಾನು ಹಾಸಿಗೆ ಬಿಟ್ಟು ಬಂದೆ ಎಂದುಕೊಳ್ಳಬೇಡಿ. ಎಪ್ಪತ್ತನಾಲ್ಕು ವರ್ಷಕ್ಕೆ ಅಂಥ ಆಸೆ ಎಲ್ಲಿ ಉಳಿದಿರುತ್ತದೆ? ಹದಿನೈದು ದಿನದ ಕೆಳಗೆ ವಾರ್ಡಿಗೆ ನನಗೊಂದು ಪತ್ರ ಬಂತು. ಬರೆದವರು ಇಲ್ಲೇ, ಮೊದಲ ಸಾಲಿನಲ್ಲಿ ಇದ್ದಾರೆ. ನನ್ನ ಗುರುಗಳ ಮಗಳು. ಇವತ್ತು ದೊಡ್ಡ ದಾದಿಯರ ಶಾಲೆಯೊಂದನ್ನು ನಡೆಸುತ್ತಾರೆ. ಆ ಪತ್ರದಲ್ಲಿ ಅವರು ನನ್ನ ಕ್ಷಮೆ ಕೇಳಿದ್ದಾರೆ. ಕ್ಷಮೆ ಕೇಳಬೇಕಾದವನು ನಾನು. ಉತ್ತರ ಬರೆಯೋಣವೆಂದು ನಾಲ್ಕು ಸಲ ಕೂತೆ. ನಾಲ್ಕು ಸಲವೂ ಹರಿದು ಹಾಕಿದೆ. ಪತ್ರದಲ್ಲಿ ಬರೆದರೆ ಅದು ನಮ್ಮಿಬ್ಬರ ನಡುವೆಯೇ ಉಳಿದುಹೋಗುತ್ತದೆ. ಅಷ್ಟು ಸುಲಭದಲ್ಲಿ ನಾನು ತಪ್ಪಿಸಿಕೊಳ್ಳಬಾರದು. ಆದ್ದರಿಂದ ಉತ್ತರ ಕೊಡಲೆಂದೇ ಬಂದಿದ್ದೇನೆ.

ಈಗ ಓದಿದ ಸನ್ಮಾನ ಪತ್ರದಲ್ಲಿ ಒಂದು ಸಾಲು ಇದೆ: ‘ತನಗೆ ವಿದ್ಯೆ ಕೊಟ್ಟ ಗುರುವಿಗೇ ತನ್ನ ಕೈಯಿಂದ ಕಾಲು ಕೊಟ್ಟ ಶಿಷ್ಯ’. ಬರೆದ ತಮ್ಮ ಒಳ್ಳೆಯ ಮನಸ್ಸಿನಿಂದ ಬರೆದಿದ್ದಾನೆ. ನೀವೂ ಚಪ್ಪಾಳೆ ತಟ್ಟಿದಿರಿ. ಆ ಕಾಲಿನ ಕಥೆಯನ್ನೇ ಹೇಳುತ್ತೇನೆ.

ನನ್ನ ಗುರುಗಳನ್ನು ಇಲ್ಲಿರುವ ಬಹಳ ಜನ ನೋಡಿಲ್ಲ. ಮೂವತ್ತೊಂದು ವರ್ಷ ಆಯಿತು ಅವರು ಹೋಗಿ. ಊರೆಲ್ಲ ಅವರನ್ನು ಸುಣ್ಣದ ಮೇಷ್ಟ್ರು ಎನ್ನುತ್ತಿತ್ತು. ಸುಣ್ಣ ಅಲ್ಲ ಅದು, ರೋಗಿಯ ಕಾಲಿನ ಅಚ್ಚು ತೆಗೆಯುವ ಪ್ಲಾಸ್ಟರು. ಬೆಳಗ್ಗೆಯಿಂದ ಸಂಜೆಯವರೆಗೆ ಮೊಣಕೈವರೆಗೂ ಬೆಳ್ಳಗೆ ಮೆತ್ತಿಕೊಂಡಿರುತ್ತಿತ್ತು. ಭಾನುವಾರ ಚರ್ಚಿಗೆ ಹೋಗುವಾಗಲೂ ಉಗುರಿನ ಸಂದಿಯಲ್ಲಿ ಬಿಳಿ ಉಳಿದಿರುತ್ತಿತ್ತು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅಕ್ಕ ಬೈಯುತ್ತಿದ್ದರು: ‘ದೇವರ ಮುಂದೆ ಕೈ ಜೋಡಿಸೋದು ಹೀಗಾ?’ ಮೇಷ್ಟ್ರು ‘ಏನು ಕೆಲಸ ಮಾಡ್ಕೊಂಡು ಬಂದೆ ಅಂತ ಅವನಿಗೂ ಗೊತ್ತಾಗಲಿ ಬಿಡೇ’ ಎನ್ನುತ್ತಿದ್ದರು. ಪ್ರತಿ ಅಚ್ಚಿಗೂ ಮೊದಲು ಒಂದು ಗಳಿಗೆ ತಲೆ ತಗ್ಗಿಸಿ ಪ್ರಾರ್ಥನೆ ಮಾಡುವರು. ‘ಏನು ಕೇಳ್ಕೋತೀರಿ ಮೇಷ್ಟ್ರೇ?’ ಎಂದು ಒಂದು ದಿನ ಕೇಳಿದೆ. ‘ನಾನು ಬಟ್ಟೆ ಸುತ್ತಿ ಮುಗಿಸೋವರೆಗೆ ಈ ಪ್ಲಾಸ್ಟರು ಗಟ್ಟಿಯಾಗದೇ ಇರಲಿ ಅಂತ’ ಎಂದರು. ತಮಾಷೆಯೋ ನಿಜವೋ ಇವತ್ತಿಗೂ ತಿಳಿಯದು.

ಅವರಿಗೆ ಕೋಪ ತರಿಸುವ ಪದ ಒಂದೇ ಒಂದು ಇತ್ತು, ‘ಮೋಟು’. ಕತ್ತರಿಸಿದ ಮೇಲೆ ಮಿಕ್ಕ ಭಾಗವನ್ನು ಯಾರಾದರೂ ಹಾಗೆ ಕರೆದರೆ ಕೈಯಲ್ಲಿದ್ದ ಕೆಲಸ ಕೆಳಗಿಡುತ್ತಿದ್ದರು. ‘ಉಳಿದ ಕಾಲು ಅನ್ನು. ಹೋದದ್ದರ ಹೆಸರು ಹಿಡಿದು ಕರೀಬೇಡ, ಉಳಿದದ್ದರ ಹೆಸರು ಹಿಡಿದು ಕರಿ.’ ನಮ್ಮ ಅಂಗಡಿಯಲ್ಲಿ ಇವತ್ತಿಗೂ ಎಲ್ಲರೂ ಉಳಿದ ಕಾಲು ಎಂದೇ ಹೇಳುತ್ತಾರೆ. ಯಾಕೆ ಎಂದು ಕೇಳಿದರೆ ಹೊಸಬರಿಗೆ ಗೊತ್ತಿಲ್ಲ.

ನಾನು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಬಡಗಿಯಾಗಿ ಬಂದವನು. ಕಾಲಿನ ಮೇಲ್ತುದಿಯಲ್ಲಿ ಉಳಿದ ಕಾಲು ಕೂರುವ ಬಟ್ಟಲು ಇರುತ್ತದಲ್ಲ, ಆಗ ಅದನ್ನು ಮರದಲ್ಲಿ ಕೆತ್ತುತ್ತಿದ್ದೆವು. ಉಳಿ ಹಿಡಿಯುವುದು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಮರುವರ್ಷ ನನಗೆ ಕಾಮಾಲೆ ಬಂತು. ಕಣ್ಣು, ಉಗುರು, ಬೆವರು ಎಲ್ಲಾ ಹಳದಿ. ನಾನಿದ್ದ ಬಾಡಿಗೆ ಕೋಣೆಯವರು ಹೊರಗೆ ಹಾಕಿದರು. ಮೇಷ್ಟ್ರು ಕೈಗಾಡಿಯಲ್ಲಿ ನನ್ನ ಟ್ರಂಕು ಇಟ್ಟುಕೊಂಡು, ನನ್ನನ್ನೂ ಅದರ ಪಕ್ಕ ಕೂರಿಸಿಕೊಂಡು ತಮ್ಮ ಮನೆಗೆ ತಳ್ಳಿಕೊಂಡು ಹೋದರು. ಮನೆಯಲ್ಲಿ ಇದ್ದದ್ದು ಒಂದೇ ಮಂಚ. ಅದರ ಮೇಲೆ ನಾನು. ಐವತ್ತು ದಿನ.

ಮೂರನೆಯ ವಾರಕ್ಕೆ ನಾನು ಕದ್ದು ಎದ್ದು, ಹಿತ್ತಲಲ್ಲಿ ಕೂತು ಅಕ್ಕನ ಮುರಿದ ಸ್ಟೂಲಿಗೆ ಕಾಲು ಕೂರಿಸುತ್ತಿದ್ದೆ. ಮೇಷ್ಟ್ರು ನೋಡಿಬಿಟ್ಟರು.

‘ಯಾರಪ್ಪ ನಿನಗೆ ಕೆಲಸ ಕೊಟ್ಟಿದ್ದು?’

‘ಸುಮ್ಮನೆ ಬಿದ್ದಿರೋಕೆ ನಾಚಿಕೆ ಆಗುತ್ತೆ ಮೇಷ್ಟ್ರೇ.’

‘ನಾಚಿಕೆ ಯಾರಿಗೆ? ನಿನ್ನ ಪಿತ್ತಕೋಶಕ್ಕಾ? ಅದು ಕೆಲಸ ಮಾಡ್ತಾ ಇದೆ. ಅದರ ಕೈಗೆ ಅಡ್ಡ ಬರಬೇಡ. ಹೋಗಿ ಮಲಗು.’

ಮಲಗಿದವನಿಗೆ ಹೊತ್ತು ಹೋಗಲೆಂದು ಅಕ್ಷರ ಕಲಿಸಿದರು. ಪಾಟಿ ಇರಲಿಲ್ಲ, ರೋಗಿಗಳ ಹಳೆಯ ಚೀಟಿಗಳು ಇದ್ದವು. ‘ಎಡಗಾಲು’, ‘ಬಲಗಾಲು’, ‘ಮೊಣಕಾಲ ಕೆಳಗೆ’, ನಾನು ಮೊದಲು ಓದಿದ ಪದಗಳು ಇವೇ. ಅವರ ಮಗಳು ಆಗ ಎರಡು ವರ್ಷದವಳು. ಮಂಚದ ಕಾಲು ಹಿಡಿದು ಎದ್ದು ನಿಂತು, ನನ್ನ ಹಳದಿ ಮುಖ ನೋಡಿ ನಗುತ್ತಿದ್ದಳು. ನನಗೆ ಮಾಮ ಎಂಬ ಹೆಸರು ಇಟ್ಟವಳು ಅವಳೇ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ವಿಷಯಕ್ಕೆ ಬಂದೆ ಸ್ವಾಮಿ.

ಮೇಷ್ಟ್ರ ಕೆಲಸದಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಹೊಸ ಕಾಲು ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದ ಮೇಲೆ ಅದನ್ನು ಬಿಚ್ಚಬೇಕು. ಉಳಿದ ಕಾಲಿನ ಚರ್ಮವನ್ನು ನೋಡಬೇಕು. ಅಲ್ಲಲ್ಲಿ ಕೆಂಪಾಗಿರುತ್ತದೆ, ಅದು ಸಹಜ. ಆದರೆ ಆ ಕೆಂಪು ಹತ್ತು ನಿಮಿಷದೊಳಗೆ ಮಾಯವಾಗಬೇಕು. ಮಾಯವಾದರೆ ಕಾಲು ಸರಿ ಇದೆ. ಆಗದಿದ್ದರೆ ಬಟ್ಟಲು ಅಲ್ಲಿ ಒತ್ತುತ್ತಿದೆ, ಇಂದಲ್ಲ ನಾಳೆ ಅಲ್ಲಿ ಗಾಯವಾಗುತ್ತದೆ. ಅರ ಹಿಡಿದು ಆ ಜಾಗವನ್ನು ಉಜ್ಜಿ ಸರಿಮಾಡಿದ ಹೊರತು ಕಾಲನ್ನು ಮನೆಗೆ ಕಳಿಸುವಂತಿಲ್ಲ. ಹತ್ತು ನಿಮಿಷ ಎಂದರೆ ಹತ್ತೇ ನಿಮಿಷ. ಕೈಗಡಿಯಾರ ಬಿಚ್ಚಿ ಬೆಂಚಿನ ಮೇಲೆ ಇಟ್ಟುಕೊಂಡು, ರೋಗಿಯ ಎದುರು ನೆಲದ ಮೇಲೆ ಕೂತು, ಅವನ ಮನೆ ಮಠ ಮಕ್ಕಳ ಮಾತಾಡುತ್ತಾ ಆ ಕೆಂಪನ್ನೇ ನೋಡುತ್ತಾ ಇರುತ್ತಿದ್ದರು. ಒಮ್ಮೆ ಒಬ್ಬ ದೊಡ್ಡ ಅಧಿಕಾರಿ ‘ನನಗೆ ಮೀಟಿಂಗ್ ಇದೆ, ಬೇಗ ಆಗಲಿ’ ಎಂದು ಗದರಿದರು. ‘ನನಗೂ ಇದೆ ಸಾರ್, ನಿಮ್ಮ ಚರ್ಮದ ಜೊತೆ’ ಎಂದು ಮೇಷ್ಟ್ರು ಅಲುಗಾಡಲಿಲ್ಲ.

ಇಂಥ ಮೇಷ್ಟ್ರಿಗೆ ಸಕ್ಕರೆ ಕಾಯಿಲೆ ಬಂತು. ಕಾಲ್ಬೆರಳಿನಲ್ಲಿ ಹುಣ್ಣು ಶುರುವಾಗಿ ಪಾದಕ್ಕೆ ಏರಿ, ಕೊನೆಗೆ ಮೊಣಕಾಲ ಕೆಳಗೆ ಕಾಲನ್ನೇ ತೆಗೆದರು. ನೋಡಲು ಹೋದರೆ ನಗುತ್ತಾರೆ! ‘ಇಷ್ಟು ವರ್ಷ ಹೊರಗಿನಿಂದ ಕಲಿತೆ, ಇನ್ನು ಒಳಗಿನಿಂದ ಕಲೀತೀನಿ’ ಎಂದರು. ಆಮೇಲೆ ಎಲ್ಲರ ಎದುರು ‘ನನ್ನ ಕಾಲು ಇವನೇ ಮಾಡಬೇಕು’ ಎಂದು ನನ್ನ ಕಡೆ ಕೈ ತೋರಿಸಿದರು.

ಅದರಲ್ಲಿ ಇನ್ನೊಂದು ವಿಷಯ ಇತ್ತು. ಮೇಷ್ಟ್ರ ಜಾಗಕ್ಕೆ ಮುಖ್ಯಸ್ಥ ಬೇಕಾಗಿದ್ದ. ಆಡಳಿತ ಮಂಡಳಿಯವರಿಗೆ ಹೊರಗೆ ಓದಿ ಸರ್ಟಿಫಿಕೇಟು ತಂದವರು ಬೇಕಿತ್ತು. ‘ಶಾಲೆಯ ಮೆಟ್ಟಿಲು ಹತ್ತದ ಬಡಗಿಗೆ ಅಂಗಡಿ ಒಪ್ಪಿಸೋದಾ?’ ಎಂದು ನನ್ನ ಕಿವಿಗೆ ಬೀಳುವಂತೆಯೇ ಮಾತಾಡಿದರು. ಮೇಷ್ಟ್ರು ಹಟ ಹಿಡಿದರು: ‘ಅವನು ನನಗೆ ಮಾಡೋ ಕಾಲನ್ನ ನೀವೇ ಬಂದು ನೋಡಿ. ಆಮೇಲೆ ಹೇಳಿ.’

ನೋಡಲು ಐದು ಜನ ಬಂದರು. ಅಂಗಡಿಯಲ್ಲಿ ಎರಡು ಕಬ್ಬಿಣದ ಸರಳುಗಳ ನಡುವೆ ನಡೆಯುವ ದಾರಿ ಇದೆಯಲ್ಲ, ಅಲ್ಲಿ. ಮೇಷ್ಟ್ರು ಹೊಸ ಕಾಲು ಹಾಕಿಕೊಂಡು ಸರಳು ಹಿಡಿದು ಹನ್ನೆರಡು ಹೆಜ್ಜೆ ನಡೆದರು, ಆಮೇಲೆ ಸರಳು ಬಿಟ್ಟು ನಾಲ್ಕು. ಮಂಡಳಿಯವರು ತಲೆಯಾಡಿಸಿದರು. ಕುರ್ಚಿಯ ಮೇಲೆ ಕೂರಿಸಿ ಕಾಲು ಬಿಚ್ಚಿದೆ, ಕಾಲುಚೀಲ ಕೆಳಗಿಳಿಸಿದೆ. ಮುಂಭಾಗದಲ್ಲಿ ಮೂಳೆಯ ತುದಿಯ ಮೇಲೆ ಒಂದು ಕೆಂಪು. ಹೆಬ್ಬೆರಳಿನ ಉಗುರಿನಷ್ಟು ಅಗಲ. ಗಡಿಯಾರ ಬಿಚ್ಚಿ ಬೆಂಚಿನ ಮೇಲೆ ಇಟ್ಟೆ, ಅವರೆದುರು ನೆಲದ ಮೇಲೆ ಕೂತೆ. ಒಂದು ನಿಮಿಷ. ಎರಡು. ಮೂರು. ಕೆಂಪು ಹಾಗೇ ಇತ್ತು. ನನ್ನ ಹಿಂದೆ ಐದು ಜೊತೆ ಬೂಟುಗಳ ಸದ್ದು.

ಮೇಷ್ಟ್ರು ಬಗ್ಗಿ ಕಾಲುಚೀಲವನ್ನು ಮೇಲಕ್ಕೆ ಎಳೆದುಕೊಂಡುಬಿಟ್ಟರು. ‘ಸಾಕು ಬಿಡಪ್ಪ’ ಎಂದರು. ‘ನನ್ನ ಕಾಲು ನನಗೆ ಗೊತ್ತಿಲ್ವಾ? ಚೆನ್ನಾಗಿದೆ.’

ಸಭಿಕರೇ, ಅದೇ ಮಾತನ್ನು ಬೇರೆ ಯಾವ ರೋಗಿ ಆಡಿದ್ದರೂ ನಾನು ಏನು ಮಾಡುತ್ತಿದ್ದೆ? ‘ಸುಮ್ಮನೆ ಕೂರಿ’ ಎಂದು ಚೀಲ ಇಳಿಸುತ್ತಿದ್ದೆ. ಸಾವಿರ ಜನಕ್ಕೆ ಹಾಗೆ ಮಾಡಿದವನು. ಆದರೆ ಅವರು ನನ್ನ ಗುರು. ಗುರು ‘ಚೆನ್ನಾಗಿದೆ’ ಎಂದ ಮೇಲೆ ಶಿಷ್ಯ ಗಡಿಯಾರ ನೋಡುತ್ತಾ ಕೂರುವುದು ಹೇಗೆ? ಇದನ್ನು ನಾನು ಮೂವತ್ತೊಂದು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ: ಗೌರವ, ವಿನಯ, ಭಕ್ತಿ. ಅಷ್ಟೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು! ನಿಜ ಹೇಳುತ್ತೇನೆ, ಆ ಚೀಲ ಮೇಲಕ್ಕೆ ಹೋದಾಗ ನನ್ನ ಎದೆಯಲ್ಲಿ ಮೊದಲು ಹುಟ್ಟಿದ್ದು ಗೌರವ ಅಲ್ಲ. ಸಮಾಧಾನ. ಹಿಂದೆ ನಿಂತವರು ಆ ಕೆಂಪು ನೋಡಲಿಲ್ಲವಲ್ಲ ಎಂಬ ಸಮಾಧಾನ. ಗಡಿಯಾರ ಎತ್ತಿ ಕೈಗೆ ಕಟ್ಟಿಕೊಂಡೆ. ಇನ್ನೂ ಏಳು ನಿಮಿಷ ಕಾಯಬೇಕಿತ್ತು. ಅರ ಹಿಡಿದು ಅರ್ಧ ಗಂಟೆ ಕೂತಿದ್ದರೆ ಮುಗಿಯುವ ಕೆಲಸ ಅದು.

ಆ ವಾರವೇ ನನ್ನನ್ನು ಮುಖ್ಯಸ್ಥನನ್ನಾಗಿ ಮಾಡಿದರು. ಆರು ತಿಂಗಳು ನೋಡೋಣ, ಆಮೇಲೆ ಕಾಯಂ ಎಂದರು.

ಅವತ್ತಿನಿಂದ ದಿನವೂ ಸಂಜೆ ಅಂಗಡಿ ಮುಚ್ಚಿದ ಮೇಲೆ ಮೇಷ್ಟ್ರ ಮನೆಗೆ ಹೋಗುತ್ತಿದ್ದೆ. ಒಂದು ದಿನವೂ ತಪ್ಪಿಸಲಿಲ್ಲ. ಗೇಟಿನ ಹತ್ತಿರ ಸೈಕಲ್ ಬೆಲ್ ಹೊಡೆಯುವುದು ನನ್ನ ಅಭ್ಯಾಸ. ಒಳಗೆ ಹೋದರೆ ಮೇಷ್ಟ್ರು ಕುರ್ಚಿಯಲ್ಲಿ, ಹೊಸ ಕಾಲು ಹಾಕಿಕೊಂಡು, ಪ್ಯಾಂಟು ಇಳಿಬಿಟ್ಟುಕೊಂಡು ಕೂತಿರುತ್ತಿದ್ದರು. ‘ಹೇಗಿದೆ ಮೇಷ್ಟ್ರೇ ಕಾಲು?’ ಎಂದರೆ ಎದ್ದು ಗೋಡೆಯವರೆಗೆ ಹೋಗಿ ಬರುತ್ತಿದ್ದರು. ‘ನೋಡಪ್ಪ, ನಿನಗಿಂತ ಚುರುಕಾಗಿದ್ದೀನಿ.’ ನನಗೋ ಹಿಗ್ಗು. ಒಂದು ಗಂಟೆ, ಕೆಲವೊಮ್ಮೆ ಒಂದೂವರೆ ಗಂಟೆ ಕೂತು ಅಂಗಡಿಯ ಸುದ್ದಿಯೆಲ್ಲ ಹೇಳುತ್ತಿದ್ದೆ. ಮಗಳು ಆಗ ದಾದಿಯ ಓದಿನ ಎರಡನೆಯ ವರ್ಷ ಮುಗಿಸಿ ರಜೆಗೆ ಬಂದಿದ್ದಳು. ಟೀ ತಂದು ಕೊಟ್ಟು, ಮಾತಿಲ್ಲದೆ ಒಳಗೆ ಹೋಗುತ್ತಿದ್ದಳು. ಬೆಳೆದ ಹುಡುಗಿ, ಮಾತು ಕಡಿಮೆಯಾಗಿದೆ ಎಂದುಕೊಂಡೆ.

ಸುಮಾರು ನಲವತ್ತು ದಿನ ಹೀಗೆ. ಒಂದು ಸಂಜೆ ಹೋದರೆ ಮನೆಗೆ ಬೀಗ. ಜ್ವರ ಏರಿ ಆಸ್ಪತ್ರೆಗೆ ಸೇರಿಸಿದ್ದರು. ನಂಜು ಮೈಯೆಲ್ಲ ಹರಡಿತ್ತು. ನಾಲ್ಕನೆಯ ದಿನ ಹೋಗಿಬಿಟ್ಟರು. ಸಕ್ಕರೆ ಕಾಯಿಲೆ ತೆಗೆದುಕೊಂಡು ಹೋಯಿತು ಎಂದರು ಎಲ್ಲರೂ. ನಾನೂ ಅಂದೆ.

ಮಣ್ಣು ಕೊಟ್ಟ ಮರುವಾರ ಅಕ್ಕನನ್ನು ನೋಡಲು ಹೋದೆ. ಬೆಲ್ ಹೊಡೆದೆ. ಅಕ್ಕ ಬಾಗಿಲಿಗೆ ಬಂದು ‘ಇನ್ನು ಮೇಲೆ ಅದನ್ನ ಹೊಡೀಬೇಡಪ್ಪ’ ಎಂದರು. ಒಳಗಿನಿಂದ ಕಾಲುಚೀಲಗಳ ಒಂದು ಗಂಟು ತಂದರು. ಒಗೆದು ಮಡಿಸಿದ್ದವು. ಎಲ್ಲದರಲ್ಲೂ ಒಂದೇ ಜಾಗದಲ್ಲಿ ಹೋಗದ ಕಂದು ಕಲೆ.

‘ಏನಕ್ಕ ಇದು?’

‘ನಿನ್ನ ಬಟ್ಟಲು ಒತ್ತುತ್ತಿತ್ತು ಕಣೋ. ಮೊದಲನೇ ವಾರವೇ ಗಾಯ ಆಯ್ತು. ನಿನಗೆ ಹೇಳಬಾರದು ಅಂತ ನನ್ನ ಹತ್ರ, ಮಗಳ ಹತ್ರ ಮಾತು ತಗೊಂಡ್ರು. ನಿನ್ನ ಕೆಲಸ ಕಾಯಂ ಆಗೋವರೆಗೆ ಯಾರಿಗೂ ಗೊತ್ತಾಗೋದು ಬೇಡ ಅಂದ್ರು. ಬಾಗಿಲು ಹಾಕ್ಕೊಂಡು ತಾವೇ ಅರ ಹಿಡಿದು ಉಜ್ಜಿದ್ರು. ಕೈ ನಡುಗೋದು, ಇನ್ನೂ ಕೆಟ್ಟುಹೋಯ್ತು.’

‘ಹಾಗಾದ್ರೆ ಯಾಕಕ್ಕ ಹಾಕ್ಕೋಬೇಕಿತ್ತು? ಬಿಚ್ಚಿಟ್ಟು ಮಲಗಿದ್ದರೆ ಆಗ್ತಿತ್ತಲ್ಲ?’

‘ಬಿಚ್ಚೇ ಇಡ್ತಿದ್ರು. ದಿನವೆಲ್ಲಾ ಮಲಗೇ ಇರ್ತಿದ್ರು. ಮಗಳು ಗಾಯ ತೊಳೆದು ಪಟ್ಟಿ ಕಟ್ಟೋಳು, ಸಂಜೆ ಹೊತ್ತಿಗೆ ಒಣಗ್ತಾ ಬರೋದು. ಆಮೇಲೆ ನಿನ್ನ ಬೆಲ್ ಕೇಳೋದು. ಕೇಳಿದ ತಕ್ಷಣ ಕಾಲು ಹಾಕ್ಕೊಂಡು ಕೂತುಬಿಡೋರು.’

ಸ್ವಲ್ಪ ಇರಿ. ಇಲ್ಲಮ್ಮ, ಮಾತ್ರೆ ಬೇಡ. ಇಲ್ಲಿಗೆ ನಿಲ್ಲಿಸಿದರೆ ಮತ್ತೆ ಶುರುಮಾಡಲು ಆಗುವುದಿಲ್ಲ.

ನಾನು ಅಕ್ಕನನ್ನು ಕೇಳಿದೆ, ‘ಈಗ ಯಾಕಕ್ಕ ಹೇಳಿದ್ರಿ?’ ಅಕ್ಕ ನನ್ನ ಮುಖ ನೋಡಲಿಲ್ಲ. ‘ಹೇಳಬಾರದಿತ್ತೇನೋ. ಆದರೆ ನಾಳೆ ಇನ್ನೊಬ್ಬರಿಗೆ ಕಾಲು ಮಾಡ್ತೀಯಲ್ಲ’ ಎಂದರು.

ನನ್ನ ಪ್ರೀತಿಯಿಂದಲೇ ಅವರು ಸತ್ತರು ಎಂದು ಹೇಳಿದರೆ ನಿಮಗೆ ಉತ್ಪ್ರೇಕ್ಷೆ ಎನಿಸಬಹುದು. ಲೆಕ್ಕ ಹಾಕಿ ನೋಡಿ. ನಾನು ಸ್ವಲ್ಪ ಕೃತಘ್ನನಾಗಿದ್ದು ವಾರಕ್ಕೊಮ್ಮೆ ಹೋಗಿದ್ದರೆ ಗಾಯ ಮಾಯುತ್ತಿತ್ತು. ನಾನು ಒರಟನಾಗಿದ್ದು ಆ ಚೀಲ ಕೆಳಗೆ ಎಳೆದಿದ್ದರೆ ಗಾಯವೇ ಆಗುತ್ತಿರಲಿಲ್ಲ. ನನಗೆ ಐವತ್ತು ದಿನ ವಿಶ್ರಾಂತಿ ಕೊಟ್ಟ ಮನುಷ್ಯನಿಗೆ ನಾನು ಒಂದು ಸಂಜೆಯ ವಿಶ್ರಾಂತಿಯನ್ನೂ ಕೊಡಲಿಲ್ಲ.

ಮುಂದೆ ಏನು ಮಾಡಿದೆ? ಏನೂ ಮಾಡಲಿಲ್ಲ. ಆರು ತಿಂಗಳಿಗೆ ಕೆಲಸ ಕಾಯಂ ಆಯಿತು. ಇಪ್ಪತ್ತೆರಡು ವರ್ಷ ಮುಖ್ಯಸ್ಥನಾಗಿದ್ದೆ. ಹತ್ತು ನಿಮಿಷ ಕಾಯದ ಹುಡುಗರನ್ನು ಹಿಗ್ಗಾಮುಗ್ಗಾ ಬೈದೆ. ‘ಈ ಮುದುಕನಿಗೆ ಗಡಿಯಾರದ ಹುಚ್ಚು’ ಎಂದು ನೀವು ನಗುತ್ತಿದ್ದಿರಿ, ನನಗೆ ಗೊತ್ತು. ಆ ಹುಚ್ಚು ಎಲ್ಲಿಂದ ಬಂತು ಎಂದು ಯಾರಿಗೂ ಹೇಳಲಿಲ್ಲ. ಅಕ್ಕ ತೀರಿಕೊಂಡ ಮೇಲೆ, ಇದೆಲ್ಲ ನನಗೆ ಗೊತ್ತು ಎಂದು ತಿಳಿದವರು ಯಾರೂ ಉಳಿಯಲಿಲ್ಲ.

ಆಗ ಈ ಪತ್ರ ಬಂತು. ಒಪ್ಪಿಗೆ ಕೇಳದೆ ಕೆಲವು ಸಾಲು ಓದುತ್ತೇನೆ, ಕ್ಷಮಿಸಿ: ‘ಮಾಮ, ನಿಮ್ಮ ಸನ್ಮಾನಕ್ಕೆ ಬನ್ನಿ ಅಂತ ಕರೆದಿದ್ದಾರೆ. ಯಾವ ಮುಖ ಹೊತ್ತು ಬರಲಿ? ಅಪ್ಪನ ಕಾಲಿನ ಗಾಯ ನನಗೆ ಗೊತ್ತಿತ್ತು. ನಾನು ಓದುತ್ತಿದ್ದದ್ದೇ ಅದನ್ನು. ಅಪ್ಪನಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ನಿಮಗೆ ಹೇಳಲಿಲ್ಲ. ಹೇಳಿದ್ದರೆ ನೀವು ಒಂದೇ ದಿನದಲ್ಲಿ ಸರಿಮಾಡುತ್ತಿದ್ದಿರಿ. ನಿಮ್ಮ ಗುರುವನ್ನು ನಿಮ್ಮಿಂದ ಕಿತ್ತುಕೊಂಡವಳು ನಾನು.’

ಮೂವತ್ತೊಂದು ವರ್ಷ ಅವಳು ಹೀಗೆ ನಂಬಿಕೊಂಡಿದ್ದಾಳೆ. ನೂರಾರು ಮಕ್ಕಳಿಗೆ ಗಾಯ ತೊಳೆಯುವುದನ್ನು ಕಲಿಸುತ್ತಾ ಇದನ್ನು ನಂಬಿಕೊಂಡಿದ್ದಾಳೆ. ಅಕ್ಕ ನನಗೆ ಎಲ್ಲ ಹೇಳಿದ ವಿಷಯ ಅವಳಿಗೆ ತಿಳಿಯಲೇ ಇಲ್ಲ; ಅಕ್ಕನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅವಳ ಮದುವೆಗೆ ಹೋದೆ, ಅವಳ ಮಕ್ಕಳನ್ನು ಎತ್ತಿ ಆಡಿಸಿದೆ. ಒಂದು ಸಲ, ಒಂದೇ ಒಂದು ಸಲ ‘ಆ ಕೆಂಪು ನಾನು ಮೊದಲೇ ನೋಡಿದ್ದೆ’ ಎಂದು ಬಾಯಿ ಬಿಟ್ಟಿದ್ದರೆ ಅವಳ ಈ ವರ್ಷಗಳು ಬೇರೆಯಾಗಿರುತ್ತಿದ್ದವು. ಆ ಏಳು ನಿಮಿಷಕ್ಕಾದರೂ ಗೌರವ ಎಂಬ ನೆಪ ಇದೆ. ಈ ಮೂವತ್ತೊಂದು ವರ್ಷಕ್ಕೆ ಯಾವ ನೆಪ?

ಮಧ್ಯಾಹ್ನ ವಾರ್ಡಿನಲ್ಲಿ ಪರದೆ ಎಳೆದು ಎಲ್ಲರಿಗೂ ಮಲಗಲು ಹೇಳುತ್ತಾರೆ. ಅಕ್ಕಪಕ್ಕದವರು ಗೊರಕೆ ಹೊಡೆಯುತ್ತಾರೆ. ನಾನು ಕಣ್ಣು ಮುಚ್ಚಿದರೆ ಆ ಕೆಂಪು ಕಾಣುತ್ತದೆ. ಸತ್ತ ಮೇಲೆ ಎಲ್ಲರೂ ಮತ್ತೆ ಸೇರುತ್ತೇವೆ ಎಂದು ಮೇಷ್ಟ್ರು ನಂಬಿದ್ದರು. ನನಗೆ ಆ ನಂಬಿಕೆ ಇಲ್ಲ. ಇಲ್ಲದ್ದೇ ಒಳ್ಳೆಯದಾಯಿತು. ಇದ್ದಿದ್ದರೆ ಅಲ್ಲಿಯೂ ಅವರು ನನ್ನನ್ನು ಕಂಡ ಕೂಡಲೇ ಕಾಲು ಹಾಕಿಕೊಂಡು ಎದ್ದು ನಿಲ್ಲುತ್ತಾರಲ್ಲ ಎಂದು ಹೆದರಬೇಕಾಗುತ್ತಿತ್ತು.

ಮಗಳೇ, ಸಭೆಯನ್ನು ಮರೆತು ನಿನ್ನೊಬ್ಬಳಿಗೇ ಹೇಳುತ್ತೇನೆ. ನೀನು ಗಾಯಕ್ಕೆ ಪಟ್ಟಿ ಕಟ್ಟಿದವಳು. ಗಾಯ ಮಾಡಿದವನು ನಾನು, ದಿನವೂ ಬಂದು ಅದನ್ನು ಕೆದಕಿದವನು ನಾನು, ಗೊತ್ತಾದ ಮೇಲೆ ಬಾಯಿ ಮುಚ್ಚಿಕೊಂಡಿದ್ದವನೂ ನಾನೇ. ಇದರಲ್ಲಿ ನಿನ್ನದು ಏನೂ ಇಲ್ಲ. ಕ್ಷಮಿಸು ಎಂದು ನಾನು ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟೇಬಿಡುತ್ತೀಯ, ಆ ಅಪ್ಪನ ಮಗಳಲ್ಲವೇ? ನನ್ನ ಮನಸ್ಸು ನೋಯಬಾರದೆಂದು ನಿಮ್ಮ ಮನೆಯವರು ಪಟ್ಟದ್ದು ಸಾಕು. ಸಿಟ್ಟು ಬಂದರೆ ಸಿಟ್ಟಾಗು.

ಅಯ್ಯೋ, ನೀರು ತರಲು ಏಳಬೇಡ ಮಗಳೇ, ಕೂತುಕೋ. ನೀರು ಇಲ್ಲೇ ಇದೆ...

ನೀರಿಗಲ್ಲವೇ? ಸರಿ. ಹೋಗು. ಆ ಕಡೆಯ ಬಾಗಿಲು ತೆರೆದಿದೆ. ದಾರಿ ಬಿಡಿ, ದಯವಿಟ್ಟು ಯಾರೂ ಅವಳನ್ನು ತಡೆಯಬೇಡಿ, ಸಮಾಧಾನ ಮಾಡಲು ಹಿಂದೆ ಹೋಗಬೇಡಿ. ಆ ಮನೆಯವರು ನನಗೆ ಬೆನ್ನು ತಿರುಗಿಸಿದ್ದು ಇದೇ ಮೊದಲು. ಇದು ಆಗಬೇಕಿತ್ತು. ಆಗಲಿ ಎಂದು ಬಂದವನೇ ನಾನು. ಬಂದಿದ್ದರೂ, ನೋಡಿ, ತಡೆದುಕೊಳ್ಳಲು ಆಗುತ್ತಿಲ್ಲ.

ಅಧ್ಯಕ್ಷರೇ, ಸನ್ಮಾನ ಪತ್ರವನ್ನು ಮೇಜಿನ ಮೇಲೆ ಬಿಟ್ಟಿದ್ದೇನೆ. ಗುರುವಿಗೆ ಕಾಲು ಕೊಟ್ಟ ಎಂಬ ಆ ಸಾಲು ತೆಗೆದು ಬೇರೆ ಬರೆಸುವುದು ಬೇಡ, ಹಾಗೆಯೇ ಅಂಗಡಿಯ ಕಪಾಟಿನಲ್ಲಿ ಇಡಿ. ಮಾತು ಉದ್ದವಾಯಿತು. ಸಂತೋಷದ ದಿನ ನಿಮ್ಮನ್ನೆಲ್ಲ ಹೀಗೆ ಕೂರಿಸಿದ್ದಕ್ಕೆ ಮನ್ನಿಸಿ. ಕೊನೆಯವರೆಗೂ ಎದ್ದು ಹೋಗದೆ ಕೇಳಿದವರಿಗೆ ನನ್ನ ವಂದನೆ. ಎದ್ದು ಹೋದವಳಿಗೆ ಅದಕ್ಕಿಂತ ದೊಡ್ಡ ವಂದನೆ.

ನಮಸ್ಕಾರ.